ನೆಗೆಟಿವ್‌ಗೆ ಪೆನ್ಸಿಲ್ ಹಿಡಿದವಳ ತಕರಾರು

ಕೊಪ್ಪದಲ್ಲಿ ಈಚೆಗೆ, ಫೋಟೊ ತೆಗೆಯುವ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆಂದು ಒಂದು ಶಿಬಿರ ಮಾಡಿದ್ದರು. ಹಿಂದೆ ಇದೇ ಊರಿನ ಸ್ಟುಡಿಯೋದಲ್ಲಿ ದುಡಿದವಳು ಎಂದು ನನ್ನನ್ನೂ ಕರೆದು, ಮುಂದಿನ ಸಾಲಿನಲ್ಲಿ ಕೂರಿಸಿ, ಹೆಗಲಿಗೊಂದು ಶಾಲು ಹಾಕಿದರು. ಪಾಠ ಮಾಡಲು ಬಂದಿದ್ದ ತರುಣ ತನ್ನ ಕಂಪ್ಯೂಟರಿನಲ್ಲಿ ‘ಮಲೆನಾಡಿನ ಅಜ್ಜಿ’ ಎಂದು ಟೈಪ್ ಮಾಡಿದ. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಒಬ್ಬ ಅಜ್ಜಿ ಮೂಡಿಬಿಟ್ಟಳು. ಬೆಳ್ಳಿಗೂದಲು, ಮೂಗುತಿ, ಕೆನ್ನೆಯ ಮೇಲೆ ಕಿಟಕಿಯಿಂದ ಬಿದ್ದ ಬೆಳಕು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ.

“ಕಲ್ಪನೆ, ಬುದ್ಧಿ ಎರಡೂ ಇನ್ನು ಮನುಷ್ಯರದ್ದು ಮಾತ್ರ ಅಲ್ಲ” ಎಂದು ಅವನು ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, “ನೀವೇನಂತೀರಿ ಅಮ್ಮ?” ಎಂದು ಕೇಳಿದ.

“ಯಾರ ಅಜ್ಜಿ ಇವರು?” ಎಂದೆ.

“ಯಾರ ಅಜ್ಜಿಯೂ ಅಲ್ಲ ಅಮ್ಮ. ಯಂತ್ರವೇ ಮಾಡಿದ್ದು.”

“ಹಾಗಾದ್ರೆ ನಾನು ಒಪ್ಪಲ್ಲ.”

ಎಲ್ಲರೂ ನಕ್ಕರು. ವಯಸ್ಸಾದವರು ಏನಾದರೂ ಅಂದಾಗ ನಗುತ್ತಾರಲ್ಲ, ಆ ನಗು. ಅಷ್ಟರಲ್ಲಿ ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಅಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಮುದುಕಿ ಜಗಳಕ್ಕೆ ಕೂತಿದ್ದಾಳೆ ಎಂದುಕೊಂಡರೂ ಅಡ್ಡಿಯಿಲ್ಲ. ಜಗಳಕ್ಕೇ ಕೂತಿದ್ದೇನೆ.

ನನ್ನ ಹೆಸರು ಸುಲೋಚನಾ. ನಮ್ಮಪ್ಪನದು ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ. ಅದಕ್ಕೆ ತಾಗಿಕೊಂಡೇ ಖಾದರ್ ಸಾಹೇಬರ ಫೋಟೊ ಸ್ಟುಡಿಯೋ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಾಗ, ಸಾಹೇಬರೇ ಒಂದು ದಿನ ಅಂಗಡಿಯ ಮೆಟ್ಟಿಲಲ್ಲಿ ಕೂತು ಅಪ್ಪನ ಹತ್ತಿರ ಮಾತು ತೆಗೆದರು. ಕೊಪ್ಪದ, ನರಸಿಂಹರಾಜಪುರದ ಸಾಬರ ಮನೆಯ ಹೆಂಗಸರು ಪಾಸ್‌ಪೋರ್ಟಿಗೆ ಫೋಟೊ ತೆಗೆಸಬೇಕಿತ್ತು. ಗಂಡಸಿನ ಮುಂದೆ ಮುಸುಕು ಸರಿಸಲು ಅವರಿಗೆ ಮನಸ್ಸಿಲ್ಲ.

“ನಿಮ್ಮ ಮಗಳನ್ನ ಕೆಲಸಕ್ಕೆ ಕಳಿಸಿ ಟೈಲರ್ರೇ. ಕೈ ಸೂಕ್ಷ್ಮ ಇದೆ. ಕಾಜಾ ಹೊಲಿಯೋದು ನೋಡಿದೀನಿ” ಎಂದರು.

ಒಳಗಿದ್ದ ಅಮ್ಮ, “ಕತ್ತಲೆ ಕೋಣೆ ಕೆಲಸ ಹೆಣ್ಣುಮಕ್ಕಳಿಗೆ ಬೇಡ” ಎಂದು ಕೂಗಿ ಹೇಳಿದಳು.

“ಫಿಲಂ ತೊಳೆಯೋ ಕತ್ತಲೆ ಕೋಣೇಲಿ ನಾನೇ ಇರ್ತೀನಮ್ಮ. ಇವಳಿಗೆ ಕಿಟಕಿ ಪಕ್ಕದ ಕೆಲಸ” ಎಂದು ಸಾಹೇಬರು ನಕ್ಕರು.

ಕಿಟಕಿ ಪಕ್ಕದ ಆ ಕೆಲಸದ ಹೆಸರು ರೀಟಚಿಂಗ್. ಒಂದು ಇಳಿಜಾರು ಮೇಜು, ಅದರ ನಡುವೆ ಕಿಂಡಿ, ಕಿಂಡಿಯ ಮೇಲೆ ನೆಗೆಟಿವ್, ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ನೆಗೆಟಿವಿನ ಮೂಲಕ ಮೇಲೆ ಬರುತ್ತದೆ. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಆ ಮುಖದ ಮೇಲೆ ಕೆಲಸ ಮಾಡಬೇಕು. ನೆಗೆಟಿವಿನಲ್ಲಿ ಲೋಕವೇ ತಲೆಕೆಳಗು. ಕಪ್ಪು ಕೂದಲು ಬೆಳ್ಳಗಿರುತ್ತದೆ, ಕಣ್ಣಿನ ಬಿಳಿ ಕರ್ರಗಿರುತ್ತದೆ. ಸಿಡುಬಿನ ಕಲೆಯ ಮೇಲೆ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ. ಮೊದಮೊದಲು ನನಗೆ ಮನೆಗೆ ಬಂದ ಮೇಲೂ ಅಪ್ಪ ಅಮ್ಮನ ಮುಖ ನೆಗೆಟಿವಿನ ಹಾಗೆಯೇ ಕಾಣುತ್ತಿತ್ತು.

ಕೈ ಕುದುರಿದ ಮೇಲೆ ಸೊಕ್ಕು ಬಂತು. ಮೇಗುಂದದ ಒಬ್ಬ ಹಿರಿಯ ರೈತರು ಫೋಟೊ ತೆಗೆಸಿದ್ದರು. ಹಣೆ, ಕೆನ್ನೆ, ಕುತ್ತಿಗೆ ಎಲ್ಲವೂ ಸುಕ್ಕು. ನಾನು ಕೂತು ಒಂದೊಂದೇ ಗೆರೆ ತುಂಬಿದೆ. ಮುಖ ಬಾಳೆಲೆಯ ಹಾಗೆ ನುಣುಪಾಯಿತು. ಅವರು ಬಂದು ಫೋಟೊ ನೋಡಿ, ಹಿಂದೆ ತಿರುಗಿಸಿ ನೋಡಿ, ಮತ್ತೆ ಮುಂದೆ ತಿರುಗಿಸಿದರು.

“ಇದು ಯಾರು ಮಾರಾಯ್ತಿ?”

“ನೀವೇ ಅಜ್ಜ.”

“ಎಂತ ನಾನು? ಇಷ್ಟು ವರ್ಷ ಬಿಸಿಲಲ್ಲಿ ನಿಂತು ಮಾಡ್ಕೊಂಡ ಮುಖ ಇದು. ಒಂದೇ ವಾರದಲ್ಲಿ ಒರೆಸಿ ಹಾಕಿದ್ಯಲ್ಲ!”

ಸಾಹೇಬರು ಬೈಯಲಿಲ್ಲ. ಅಜ್ಜನನ್ನು ಮತ್ತೆ ಕೂರಿಸಿ ಇನ್ನೊಂದು ಫೋಟೊ ತೆಗೆದರು. ಅವರು ಹೋದ ಮೇಲೆ, “ಗೆರೆ ತೆಗೆಯೋದು ಯಾರಿಗಾದ್ರೂ ಬರುತ್ತೆ. ಯಾವುದನ್ನ ಬಿಡಬೇಕು ಅಂತ ಕಲಿ” ಎಂದರು. ಈಗಿನ ಫೋನುಗಳಲ್ಲಿ ಬೆರಳು ಒತ್ತಿದರೆ ಸುಕ್ಕು ಹೋಗುತ್ತದೆ, ಕಲೆ ಹೋಗುತ್ತದೆ. ನಾನು ದಿನವಿಡೀ ಬೆನ್ನು ಬಗ್ಗಿಸಿ ಮಾಡುತ್ತಿದ್ದ ಕೆಲಸ ಅದು. ಯಂತ್ರ ಅದನ್ನು ಇಟ್ಟುಕೊಳ್ಳಲಿ, ನನಗೆ ಹೊಟ್ಟೆಯುರಿ ಇಲ್ಲ. ಬೆನ್ನಾದರೂ ಉಳಿಯಿತು.

ಸಾಹೇಬರ ಬಗ್ಗೆ ಎರಡು ಮಾತು ಬರೆಯಲೇಬೇಕು. ಅವರಷ್ಟು ಮರೆವಿನ ಮನುಷ್ಯನನ್ನು ನಾನು ನೋಡಿಲ್ಲ. ಒಮ್ಮೆ ನರಸಿಂಹರಾಜಪುರದ ಕಡೆ ಒಂದೇ ದಿನ ಎರಡು ಕೆಲಸ ಒಪ್ಪಿಕೊಂಡರು. ಬೆಳಿಗ್ಗೆ ಬ್ಯಾಂಕಿನ ಸಾಲಕ್ಕೆ ಒಂದು ಎಮ್ಮೆಯ ಫೋಟೊ, ಮಧ್ಯಾಹ್ನ ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ಟರರ ಫೋಟೊ. ನಡುವೆ ಕ್ಯಾಮೆರಾದ ರೋಲ್ ತಿರುಗಿಸುವುದನ್ನು ಮರೆತರು, ಎರಡೂ ಫೋಟೊ ಒಂದರ ಮೇಲೊಂದು ಬಿದ್ದವು. ಪ್ರಿಂಟ್ ಹಾಕಿದಾಗ ಹೆಡ್‌ಮಾಸ್ಟರರು ಪೇಟ ಸುತ್ತಿ, ಹಾರ ಹಾಕಿಕೊಂಡು ಗಂಭೀರವಾಗಿ ಕೂತಿದ್ದಾರೆ, ಪೇಟದ ಎರಡೂ ಬದಿಗೆ ಚಂದದ ಕೊಂಬು.

ಸಾಹೇಬರು ಕತ್ತಲೆ ಕೋಣೆಯ ಒಳಗೇ ನೆಲಕ್ಕೆ ಕೂತು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆ ಪ್ರಿಂಟನ್ನೇ ಹಿಡಿದುಕೊಂಡು ಹೆಡ್‌ಮಾಸ್ಟರರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಆ ಮೇಷ್ಟ್ರು ಊರಿಗೇ ಕೋಪಿಷ್ಠರು. ಫೋಟೊ ನೋಡಿದರು, ಸಾಹೇಬರನ್ನು ನೋಡಿದರು.

“ಇಷ್ಟು ವರ್ಷ ಹುಡುಗರು ನನಗೆ ಹಿಂದಿಂದ ಎಮ್ಮೆ ಅಂತಿದ್ರು ಖಾದರ್. ಪುರಾವೆ ಕೊಟ್ಟುಬಿಟ್ಟೆ ನೋಡು” ಎಂದು ಅವರೂ ನಗತೊಡಗಿದರು. ಬೇರೆ ಫೋಟೊ ತೆಗೆದುಕೊಟ್ಟರೂ ಕೊಂಬಿನದ್ದನ್ನು ವಾಪಸ್ ಕೊಡಲಿಲ್ಲ. ತಪ್ಪು ಯಂತ್ರವೂ ಮಾಡುತ್ತದೆ. ತಪ್ಪಿನಲ್ಲಿ ನಗು ಕಂಡು, ಅದನ್ನು ಹಿಡಿದುಕೊಂಡು ಕೋಪಿಷ್ಠನ ಮನೆಗೆ ನಡೆದು ಹೋಗುವ ಬುದ್ಧಿ ಅದಕ್ಕಿದೆಯೇ ಎಂದು ಆ ಶಿಬಿರದ ತರುಣನನ್ನು ಕೇಳಬೇಕಿತ್ತು.

ಎಂಬತ್ತರ ದಶಕ ಬಂತು, ಕಲರ್ ಬಂತು. ಕಲರ್ ರೋಲ್ ತೊಳೆಯುವ, ಪ್ರಿಂಟ್ ಹಾಕುವ ಕೆಲಸ ನಮ್ಮ ಕೈ ಬಿಟ್ಟಿತು. ರೋಲುಗಳನ್ನು ಬಸ್ಸಿನಲ್ಲಿ ಶಿವಮೊಗ್ಗದ ಒಂದು ಲ್ಯಾಬಿಗೆ ಕಳಿಸಬೇಕು. ಅಲ್ಲಿ ದೊಡ್ಡ ಯಂತ್ರ. ಆ ಹೊತ್ತಿಗೆ ಸಾಹೇಬರ ಮಗ ರಫೀಕ್ ಅಂಗಡಿಯಲ್ಲಿ ಕೂರುತ್ತಿದ್ದ. ಅವನಿಗೆ ಹೊಸತೆಂದರೆ ಹುಚ್ಚು. “ಅಕ್ಕ, ಅದರೊಳಗೆ ಕಂಪ್ಯೂಟರ್ ಇದೆಯಂತೆ. ಬಣ್ಣ ಎಷ್ಟು ಬೇಕು ಅಂತ ಅದೇ ಲೆಕ್ಕ ಹಾಕುತ್ತಂತೆ” ಎಂದು ಕಣ್ಣರಳಿಸಿ ಹೇಳುತ್ತಿದ್ದ. ಕಂಪ್ಯೂಟರ್ ಎಂಬ ಪದವನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷ ಸಿರಿಮನೆಯಲ್ಲಿ ಒಂದು ಮದುವೆ. ಹುಡುಗಿಯ ತಂದೆ ಕಿಗ್ಗದ ಭಟ್ಟರು. ಮುಹೂರ್ತ ಮುಗಿದ ಮೇಲೆ ವಧೂವರರನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ನಾನೇ ಫೋಟೊ ತೆಗೆದೆ. ಹಿಂದೆ ಪೈರು, ಪೈರಿನ ಹಿಂದೆ ಕಾಡು, ಎಲ್ಲಿ ನೋಡಿದರೂ ಹಸಿರು. ಲ್ಯಾಬಿನಿಂದ ಪ್ರಿಂಟ್ ಬಂದಾಗ ಲಕೋಟೆ ಬಿಚ್ಚಿದವರು ಭಟ್ಟರೇ. ಒಂದೊಂದೇ ಫೋಟೊ ಕೌಂಟರಿನ ಮೇಲೆ ಹರಡಿದರು.

“ಕೂಸಿಗೆ ಎಂತ ಆಯ್ತು ಸುಲೋಚನಾ? ಅರಿಶಿನ ಹಚ್ಚಿ ಕಳಿಸಿದ ಮುಖ. ನೇರಳೆ ಹಣ್ಣು ಮೆತ್ತಿದ ಹಾಗೆ ಕಾಣ್ತಲ್ಲ!”

ನಿಜ. ಹುಡುಗಿ, ಹುಡುಗ, ಪುರೋಹಿತರು, ಎಲ್ಲರ ಮುಖವೂ ನೇರಳೆ ಮಿಶ್ರಿತ ಕೆಂಪು. ಕಾಡು ಮಂಕಾಗಿತ್ತು. ರಫೀಕ್, “ಯಂತ್ರ ತಪ್ಪು ಮಾಡಲ್ಲ ಅಕ್ಕ, ಫಿಲಂ ಹಾಳಾಗಿರಬೇಕು” ಎಂದ. ನಾನು ನೆಗೆಟಿವ್ ಎತ್ತಿ ಕಿಟಕಿಗೆ ಹಿಡಿದೆ. ಫಿಲಂ ಚೆನ್ನಾಗಿತ್ತು. ಮರುದಿನ ಬೆಳಗಿನ ಬಸ್ಸಿಗೆ ಸಾಹೇಬರನ್ನು ಹೊರಡಿಸಿಕೊಂಡು ಶಿವಮೊಗ್ಗಕ್ಕೆ ಹೋದೆ.

ಯಂತ್ರದ ಮುಂದೆ ಕೂತಿದ್ದವನು ಪ್ರಕಾಶ ಎಂಬ ಹುಡುಗ. ಬಯಲುಸೀಮೆಯ ಕಡೆಯವನು, ವಿನಯವಂತ. ನನ್ನ ಸಿಟ್ಟನ್ನೆಲ್ಲ ಕೇಳಿಸಿಕೊಂಡು ಹೇಳಿದ:

“ಇದು ಹೇಗೆ ಕೆಲಸ ಮಾಡುತ್ತೆ ಹೇಳ್ತೀನಿ ಮೇಡಂ. ಒಂದು ಫೋಟೊದಲ್ಲಿರೋ ಎಲ್ಲ ಬಣ್ಣ ಕಲಸಿದ್ರೆ ಬೂದಿ ಬಣ್ಣ ಬರಬೇಕು ಅಂತ ಇದರ ಲೆಕ್ಕ. ಯಾವುದಾದ್ರೂ ಬಣ್ಣ ಜಾಸ್ತಿ ಕಂಡ್ರೆ ಅದನ್ನ ತಪ್ಪು ಅಂತ ತಿಳ್ಕೊಂಡು ಕಮ್ಮಿ ಮಾಡುತ್ತೆ.”

“ಎಲ್ಲ ಬಣ್ಣ ಕಲಸಿದ್ರೆ ಬೂದಿ ಬರೋದು ಯಾವ ಊರಲ್ಲಿ?” ಎಂದೆ. “ನಮ್ಮಲ್ಲಿ ಕಲಸಿದ್ರೆ ಹಸಿರೇ ಬರೋದು.”

ಅವನು ಒಂದು ಕ್ಷಣ ನನ್ನ ಮುಖ ನೋಡಿ, ಮತ್ತೆ ಆ ಪ್ರಿಂಟುಗಳನ್ನು ನೋಡಿ ಗಟ್ಟಿಯಾಗಿ ನಕ್ಕ. ಅವನಿಗೂ ಗೊತ್ತಾಯಿತು. ಯಂತ್ರ ಹಸಿರು ಹೆಚ್ಚಾಯಿತೆಂದು ಹಸಿರನ್ನು ತೆಗೆದಿತ್ತು. ಕಾಡಿನಿಂದ ತೆಗೆಯುವಾಗ ಮದುಮಗಳ ಮುಖದಿಂದಲೂ ತೆಗೆದಿತ್ತು. ಅದರ ಲೆಕ್ಕದಲ್ಲಿ ನಮ್ಮ ಊರೇ ಒಂದು ತಪ್ಪು. ನನಗೆ ರೇಗಿದ್ದು ಅದಕ್ಕೇ.

“ಕೈಯಲ್ಲಿ ಸರಿಮಾಡೋಕೆ ಆಗಲ್ವಾ?”

“ಬಟನ್ ಇದೆ. ಯಾರೂ ಮುಟ್ಟಲ್ಲ. ಓನರಿಗೆ ಇಷ್ಟ ಇಲ್ಲ, ಕೆಲಸ ನಿಧಾನ ಆಗುತ್ತೆ ಅಂತಾರೆ.”

ಓನರನ್ನು ಸಾಹೇಬರು ಹೊರಗೆ ಚಹಾ ಕುಡಿಯಲು ಕರೆದುಕೊಂಡು ಹೋದರು. ಅದು ಸಾಹೇಬರ ಮತ್ತು ನನ್ನ ನಡುವೆ ಮಾತಿಲ್ಲದೆ ಆದ ಒಪ್ಪಂದ. ಆ ಹೊತ್ತಿನಲ್ಲಿ ಪ್ರಕಾಶನೂ ನಾನೂ ಬಟನ್ ಒತ್ತಿ ಒತ್ತಿ ಪ್ರಿಂಟ್ ತೆಗೆದೆವು. “ಇನ್ನೂ ಸ್ವಲ್ಪ. ಅರಿಶಿನ ಹಚ್ಚಿದ ಮುಖ ಅದು. ಇನ್ನೂ ಸ್ವಲ್ಪ” ಎಂದು ನಾನು ಹೇಳುವುದು, ಅವನು ಒತ್ತುವುದು. ಕೊನೆಗೆ ಹುಡುಗಿಯ ಮುಖ ಬಂತು. ಅವನು, “ಈ ಹಸಿರು ನಿಜವಾಗ್ಲೂ ಇಷ್ಟು ಗಾಢ ಇರುತ್ತಾ ಮೇಡಂ?” ಎಂದು ಕೇಳಿದ. “ಒಂದು ಸಲ ಬಾ, ನೋಡು” ಎಂದೆ. ಮುಂದಿನ ಮಳೆಗಾಲ ಮುಗಿಯುತ್ತಿದ್ದಂತೆ ಅವನು ಬಂದೇ ಬಂದ. ಕಿಗ್ಗದ ಹಾದಿಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ ಕೂತಿದ್ದ. ಆಮೇಲೆ ನಮ್ಮ ರೋಲುಗಳಿಗೆ ತೊಂದರೆಯಾಗಲಿಲ್ಲ.

ಆ ದಿನ ಶಿವಮೊಗ್ಗದಿಂದ ವಾಪಸ್ ಬರುವಾಗ ನಾನು ಹಿಗ್ಗಿಕೊಂಡು ಕೂತಿದ್ದೆ. ತೀರ್ಥಹಳ್ಳಿ ದಾಟಿದ ಮೇಲೆ ಸಾಹೇಬರು ಮೆಲ್ಲಗೆ ಕೇಳಿದರು.

“ಇವತ್ತು ಗೆದ್ದೆ ಸುಲೋಚನಾ. ನಾಳೆ ಆ ಯಂತ್ರಕ್ಕೆ ಹಸಿರನ್ನೂ ಕಲಿಸ್ತಾರೆ. ಆಗ ಎಂತ ಮಾಡ್ತಿ?”

ಅವರು ಹೇಳಿದ ಹಾಗೆಯೇ ಆಯಿತು. ಆಮೇಲೆ ಬಂದ ಯಂತ್ರಗಳಿಗೆ ನಮ್ಮ ಕಾಡೂ ಗೊತ್ತು, ನಮ್ಮ ಮದುಮಕ್ಕಳ ಮುಖವೂ ಗೊತ್ತು. ಆದ್ದರಿಂದ ಶಿಬಿರದ ಮಕ್ಕಳೇ, ಯಂತ್ರ ಬೆರಳು ತಪ್ಪಾಗಿ ಬಿಡಿಸಿತು, ನೆರಳು ತಪ್ಪಾಗಿ ಹಾಕಿತು ಎಂದು ನಕ್ಕು ಸಮಾಧಾನ ಪಡಬೇಡಿ. ಆ ತಪ್ಪು ನಾಳೆ ಇರುವುದಿಲ್ಲ. ಅದರ ಕುಂದಿನ ಮೇಲೆ ನಿಮ್ಮ ಬೆಲೆ ಕಟ್ಟಿಕೊಂಡರೆ, ಕುಂದು ಹೋದ ದಿನ ನಿಮ್ಮ ಬೆಲೆಯೂ ಹೋಗುತ್ತದೆ. ನನ್ನ ತಕರಾರು ಬೇರೆಯದು. ಸಾಹೇಬರ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಗೌರಮ್ಮನಿಂದ.

ಬಾಳೆಹೊನ್ನೂರಿನ ಹತ್ತಿರದ ಒಂದು ಹಳ್ಳಿ, ಲಿಂಗಾಯತರ ಮನೆ. ಅಲ್ಲಿಯ ಕಿರಿಯ ಮಗ ಶಿವಣ್ಣ ಲಾರಿ ಓಡಿಸುತ್ತಿದ್ದ. ಜ್ವರ ಬಂದು, ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಅವನದ್ದೊಂದು ದೊಡ್ಡ ಫೋಟೊ ಮಾಡಿಸಬೇಕೆಂದು ತಾಯಿ ಬಸಮ್ಮ, ಅಣ್ಣ ಮಹೇಶಪ್ಪ, ಹೆಂಡತಿ ಗೌರಮ್ಮ ಮೂವರೂ ಬಂದರು. ಇದ್ದದ್ದು ಒಂದೇ ಫೋಟೊ, ಯಾರದೋ ಮದುವೆಯ ಗುಂಪಿನದು. ಹಿಂದಿನ ಸಾಲಿನಲ್ಲಿ ಶಿವಣ್ಣ ನಿಂತಿದ್ದಾನೆ. ಮುಖ ಉಗುರಿನಷ್ಟು. ಫ್ಲಾಶ್ ಬೆಳಗಿದ ಗಳಿಗೆಯಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದಾನೆ.

“ಕಣ್ಣು ತೆರೆಸಿ ಕೊಡಿ” ಎಂದರು ಬಸಮ್ಮ. “ಸತ್ತ ಹೆಣದ ಹಾಗೆ ಕಾಣ್ತದೆ. ನೋಡೋಕಾಗಲ್ಲ.”

ಆಗ ಅಂಗಡಿ ಪೂರ್ತಿ ರಫೀಕನದು. ಸಾಹೇಬರಿಗೆ ಕಣ್ಣಿನ ಪೊರೆ, ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ರಫೀಕ್ ಮೂವರನ್ನೂ ನೋಡಿ, ಅಣ್ಣನ ಮುಖವನ್ನೂ ಫೋಟೊವನ್ನೂ ಹೋಲಿಸಿ, ತಟ್ಟನೆ ದಾರಿ ಕಂಡುಕೊಂಡ. ಅಣ್ಣ ತಮ್ಮಂದಿರದು ಒಂದೇ ಅಚ್ಚು. ಮಹೇಶಪ್ಪನನ್ನು ಅದೇ ಕೋನದಲ್ಲಿ, ಅದೇ ಬೆಳಕಿನಲ್ಲಿ ಕೂರಿಸಿ ಫೋಟೊ ತೆಗೆದ. ಆ ಕಣ್ಣುಗಳನ್ನು ಬ್ಲೇಡಿನಿಂದ ಕತ್ತರಿಸಿ ಶಿವಣ್ಣನ ದೊಡ್ಡ ಮಾಡಿದ ಮುಖಕ್ಕೆ ಅಂಟಿಸಿ, ಅಂಚು ಕಾಣದಂತೆ ತೀಡಿ, ಮತ್ತೆ ಫೋಟೊ ತೆಗೆದ. ಕೆಲಸ ಅಚ್ಚುಕಟ್ಟು. ನಾನೇ ಹೊಗಳಿದೆ. ತಾಯಿ ಕಣ್ಣೀರು ಹಾಕಿಕೊಂಡು ಎದೆಗೊತ್ತಿಕೊಂಡರು. ಕಟ್ಟು ಹಾಕಿಸಿ ತೆಗೆದುಕೊಂಡು ಹೋದರು.

ಕೆಲವು ದಿನಗಳಾದ ಮೇಲೆ ಗೌರಮ್ಮ ಒಬ್ಬಳೇ ಬಂದಳು. ಬಗಲಲ್ಲಿ ಟವಲಿನಲ್ಲಿ ಸುತ್ತಿದ ಫೋಟೊ. ಕೌಂಟರಿನ ಮೇಲೆ ಬೋರಲು ಹಾಕಿದಳು.

“ಇದನ್ನ ವಾಪಸ್ ಇಟ್ಕೊಳ್ಳಿ.”

“ಎಂತ ಆಯ್ತಮ್ಮ? ಗಾಜು ಒಡೀತಾ?”

ಅವಳು ರಫೀಕನ ಕಡೆ ನೋಡಿ ಸೆರಗು ಎಳೆದುಕೊಂಡಳು. ನಾನು ಅವಳನ್ನು ಒಳಗೆ ಕರೆದುಕೊಂಡು ಬಂದೆ. ಅಲ್ಲಿ ಹೇಳಿದಳು.

“ಇದು ನಮ್ಮ ಭಾವನ ಕಣ್ಣು ಅಕ್ಕ. ಫೋಟೊನ ನನ್ನ ಕೋಣೆ ಗೋಡೆಗೆ ಹಾಕಿದಾರೆ. ನಾನು ಸೀರೆ ಉಡೋದು, ತಲೆ ಬಾಚೋದು, ಮಲಗೋದು ಎಲ್ಲ ಅಲ್ಲೇ. ಆ ಕಣ್ಣು ನೋಡ್ತಾ ಇರುತ್ತೆ. ಭಾವ ಒಳ್ಳೇರು, ದೇವರಂಥೋರು. ಆದ್ರೂ ನಾನು ಹೆಂಗಿರ್ಲಿ ಹೇಳಿ? ತಿರುಗಿಸಿ ಇಟ್ರೆ ಅತ್ತೆ ಬೈತಾರೆ, ಗಂಡನ ಮುಖ ಗೋಡೆಗೆ ಮಾಡ್ತೀಯಾ ಅಂತಾರೆ.”

ನಮ್ಮ ಸ್ಟುಡಿಯೋದಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಅಳತೆ ಸರಿಯಿತ್ತು, ಬೆಳಕು ಸರಿಯಿತ್ತು, ಹೋಲಿಕೆ ಸರಿಯಿತ್ತು. ಹೊರಗಿನಿಂದ ಕೇಳಿಸಿಕೊಂಡ ರಫೀಕ್ ಪೆಚ್ಚಾಗಿ ಬಂದು ನಿಂತ. “ಅಕ್ಕ, ನೀವೇ ಮಾಡಿ. ಇದು ನನ್ನ ಕೈಲಿ ಆಗೋದಲ್ಲ” ಎಂದ.

ಈಗಿನ ಯಂತ್ರ ಮುಚ್ಚಿದ ಕಣ್ಣನ್ನು ಹೇಗೆ ತೆರೆಸುತ್ತದೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಲೆಕ್ಕವಿಲ್ಲದಷ್ಟು ಮುಖಗಳನ್ನು ನೋಡಿ ನೋಡಿ ಕಲಿತು, ಹೊಂದುವಂಥ ಕಣ್ಣನ್ನು ತಾನೇ ಮಾಡಿ ಕೂರಿಸುತ್ತದಂತೆ. ರಫೀಕ್ ಒಬ್ಬ ಅಣ್ಣನಿಂದ ತಂದ, ಅದು ಊರಿಗೆ ಊರನ್ನೇ ಸೋಸಿ ತರುತ್ತದೆ. ಅದರ ಕೆಲಸ ರಫೀಕನಿಗಿಂತ ಸಾವಿರ ಪಾಲು ಅಚ್ಚುಕಟ್ಟು, ಒಪ್ಪುತ್ತೇನೆ. ಗೌರಮ್ಮನ ಕೋಣೆಯಲ್ಲಿ ಆ ಕಣ್ಣು ಯಾರನ್ನು ನೋಡುತ್ತದೆ, ಹೇಗೆ ನೋಡುತ್ತದೆ, ಅದನ್ನು ಹೇಳಿ.

ಗೌರಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ, “ಅವರ ಕಣ್ಣು ಹೇಗಿತ್ತು?” ಎಂದು ಕೇಳಿದೆ.

“ಕಣ್ಣು ಕಣ್ಣಿನ ಹಾಗೇ ಇತ್ತು.”

“ದೊಡ್ಡದಾ? ಸಣ್ಣದಾ? ರೆಪ್ಪೆ ದಪ್ಪ ಇತ್ತಾ?”

“ನಾನೆಲ್ಲಿ ಅಷ್ಟೆಲ್ಲ ನೋಡಿದೀನಿ ಅಕ್ಕ?” ಎಂದು ತಲೆ ತಗ್ಗಿಸಿದಳು.

ನಾನು ಪೆನ್ಸಿಲ್ ಹಿಡಿದು ಕಾಗದದ ಮೇಲೆ ಹಲವು ಜೊತೆ ಕಣ್ಣು ಬರೆದು ತೋರಿಸಿದೆ. ಎಲ್ಲಕ್ಕೂ ಅಲ್ಲ ಎಂದು ತಲೆಯಾಡಿಸಿದಳು. ನನಗೂ ಗೊತ್ತಿತ್ತು, ಅವು ಸಿನಿಮಾ ಪೋಸ್ಟರಿನ ಕಣ್ಣುಗಳು. ಮಧ್ಯಾಹ್ನವಾಯಿತು. ನಾನು ಬುತ್ತಿ ತೆಗೆದೆ. ಅವಳ ಮುಖ ಬಾಡಿತ್ತು. ಬಾಳೆಹೊನ್ನೂರಿನಿಂದ ಮೊದಲ ಬಸ್ಸಿಗೆ ಹೊರಟು ಬಂದವಳು.

“ಊಟ ಆಯ್ತಾ ಗೌರಮ್ಮ?”

“ಆಯ್ತಕ್ಕ. ಬರುವಾಗಲೇ ಉಂಡು ಬಂದೆ.”

ಅವಳನ್ನು ಸುಮ್ಮನೆ ನೋಡಿದೆ, ಅಷ್ಟೇ. ಅವಳು ಬೆಚ್ಚಿಬಿದ್ದವಳಂತೆ ನನ್ನ ಕೈ ಹಿಡಿದಳು.

“ಹೀಗೇ! ಹೀಗೇ ನೋಡೋರು ಅಕ್ಕ! ಲಾರಿ ಇಳಿದು ಎಷ್ಟು ಹೊತ್ತಿಗಾದ್ರೂ ಬರ್ಲಿ, ‘ಉಂಡ್ಯಾ?’ ಅಂತ ಕೇಳೋರು. ನಾನು ಹೂಂ ಅನ್ನೋಳು. ಅವರಿಗೆ ಕಾಯ್ತಾ ಕೂತಿರ್ತಿದ್ದೆ, ಉಂಡಿರ್ತಿರ್ಲಿಲ್ಲ. ಅವರಿಗೆ ಗೊತ್ತು. ಬೈತಿರ್ಲಿಲ್ಲ, ಸುಳ್ಳು ಅಂತ್ಲೂ ಅಂತಿರ್ಲಿಲ್ಲ. ನೀವೀಗ ನೋಡಿದ್ರಲ್ಲ, ಹೀಗೇ ನೋಡೋರು.”

ಅಷ್ಟು ದಿನ ಅವಳು ಅತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಆಗ ಅತ್ತಳು. ನನ್ನ ಬುತ್ತಿಯನ್ನು ಇಬ್ಬರೂ ಹಂಚಿಕೊಂಡು ಉಂಡೆವು.

ಊಟವಾದ ಮೇಲೆ ಕನ್ನಡಿಯ ಮುಂದೆ ಕೂತು ಆ ನೋಟವನ್ನು ಮತ್ತೆ ತರಲು ನೋಡಿದೆ. ಬರಲಿಲ್ಲ. ಬೇಕೆಂದು ನೋಡಿದರೆ ಸಿಟ್ಟಿನ ಹಾಗೆ ಕಾಣುತ್ತಿತ್ತು, ಇಲ್ಲವೇ ಗೇಲಿಯ ಹಾಗೆ. ಗೌರಮ್ಮ ಪಕ್ಕದಲ್ಲಿ ನಿಂತು, “ಅಷ್ಟಲ್ಲ, ಇನ್ನೂ ಮೆತ್ತಗೆ” ಎನ್ನುತ್ತಿದ್ದಳು. ಕೊನೆಗೆ ಸಾಹೇಬರು ಕುರ್ಚಿಯಿಂದ, “ಕನ್ನಡಿ ಬಿಡು. ಈ ಹುಡುಗಿ ಹಸಿದದ್ದು ನೆನಪು ಮಾಡ್ಕೊ” ಎಂದರು. ಆಗ ಸಿಕ್ಕಿತು. ಕೆಳರೆಪ್ಪೆ ಒಂದಿಷ್ಟು ಮೇಲೆ ಬರುತ್ತದೆ, ಹುಬ್ಬು ಅಲುಗುವುದಿಲ್ಲ. ಅದನ್ನು ಹಿಡಿದುಕೊಂಡು, ಅಣ್ಣನ ಕಣ್ಣಿನ ಆಕಾರವನ್ನು ಆಚೆಗಿಟ್ಟು, ಶಿವಣ್ಣನ ಮುಚ್ಚಿದ ರೆಪ್ಪೆಯ ಗೆರೆಯಿಂದಲೇ ಶುರುಮಾಡಿದೆ. ಬಿಡಿಸಿದೆ, ಅಳಿಸಿದೆ, ಪ್ರಿಂಟ್ ಹಾಳುಮಾಡಿದೆ, ಹೊಸ ಪ್ರಿಂಟ್ ಹಾಕಿದೆ, ಕೊನೆಗೆ ಸರಿಬಂದದ್ದನ್ನು ಮತ್ತೆ ಫೋಟೊ ತೆಗೆದು ನೆಗೆಟಿವ್ ಮಾಡಿದೆ. ಮನೆಯಲ್ಲಿ ಅಮ್ಮ, “ಎಂತ ನನ್ನ ಮುಖವನ್ನೇ ನೋಡ್ತಾ ಕೂತಿದೀಯ?” ಎಂದು ಗದರುತ್ತಿದ್ದಳು.

ನೀವು ಕೇಳುತ್ತೀರಿ, ನನಗೆ ಗೊತ್ತು. ಗೌರಮ್ಮ ಹೇಳಿದ್ದನ್ನೇ ಯಂತ್ರಕ್ಕೆ ಟೈಪ್ ಮಾಡಿದರೆ ಅದೂ ಆ ನೋಟವನ್ನು ಬಿಡಿಸುವುದಿಲ್ಲವೇ? ಬಿಡಿಸಬಹುದು. ನನಗಿಂತ ಚೆನ್ನಾಗಿಯೂ ಬಿಡಿಸಬಹುದು. ಆದರೆ ಗೌರಮ್ಮ ಆ ಮಾತು ತೆಗೆದುಕೊಂಡು ಬಂದಿರಲಿಲ್ಲ. ಅವಳು ತಂದದ್ದು ‘ಕಣ್ಣು ಕಣ್ಣಿನ ಹಾಗೇ ಇತ್ತು’ ಎಂಬುದಷ್ಟೇ. ಉಳಿದದ್ದು ಹುಟ್ಟಿದ್ದು ಅವಳು ಸುಳ್ಳು ಹೇಳಿದಾಗ, ನಾನು ಅದನ್ನು ನಂಬದೆ ಹೋದಾಗ. ಹಸಿವೆಂದರೇನು ಎಂದು ನನಗೆ ಗೊತ್ತಿತ್ತು. ಉಂಡೆ ಎಂದು ಸುಳ್ಳು ಹೇಳುವುದು ಹೇಗೆಂದೂ ಗೊತ್ತಿತ್ತು, ನಾನೂ ಹೇಳಿದವಳೇ. ಕಲ್ಪನೆ, ಬುದ್ಧಿ ಎಂದು ನೀವು ದೊಡ್ಡ ಹೆಸರಿಟ್ಟು ಕರೆಯುವುದು ನನ್ನ ಪಾಲಿಗೆ ಅದೇ. ಅದು ತಲೆಯ ಒಳಗೆ ಮಾತ್ರ ಇರುವ ವಸ್ತುವಲ್ಲ. ಇಬ್ಬರ ನಡುವೆ ಹುಟ್ಟುವುದು, ಇಬ್ಬರಿಗೂ ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದಾಗ ಹುಟ್ಟುವುದು. ಉಣ್ಣದೆ ಇರುವ, ಕಾಯದೆ ಇರುವ, ಯಾರನ್ನೂ ಕಳೆದುಕೊಳ್ಳದೆ ಇರುವ ಪೆಟ್ಟಿಗೆ ನನ್ನ ಸಮ ಎಂದು ಯಾರೇ ವೇದಿಕೆ ಹತ್ತಿ ಹೇಳಲಿ, ನಾನು ಎದ್ದು ನಿಂತು ಅಲ್ಲ ಎನ್ನುತ್ತೇನೆ. ಶಾಲು ವಾಪಸ್ ಕೇಳಿದರೆ ಕೊಟ್ಟುಬಿಡುತ್ತೇನೆ.

ಫೋಟೊ ಮುಗಿಯಿತೆಂದು ಹೇಳಿ ಕಳಿಸಿದೆ. ಈ ಸಲ ಅತ್ತೆ ಸೊಸೆ ಇಬ್ಬರೇ ಬಂದರು. ಬಸಮ್ಮನಿಗೆ ಅಸಮಾಧಾನ. “ಚೆನ್ನಾಗಿದ್ದ ಫೋಟೊನ ಯಾಕೆ ಕೆಡಿಸಿದ್ರಿ?” ಎಂದು ಬಾಗಿಲಲ್ಲೇ ಶುರುಮಾಡಿದರು. ನಾನು ಫೋಟೊವನ್ನು ಕುರ್ಚಿಯ ಮೇಲೆ ಒರಗಿಸಿ ಇಟ್ಟೆ.

ಗೌರಮ್ಮ ಹತ್ತಿರ ಹೋದಳು. ಬಹಳ ಹೊತ್ತು ನಿಂತಳು. ಆಮೇಲೆ ಅಲ್ಲಿ ನಾವ್ಯಾರೂ ಇಲ್ಲವೇನೋ ಎಂಬಂತೆ, ಸಣ್ಣ ದನಿಯಲ್ಲಿ ಹೇಳಿದಳು:

“ಹೂಂ ರೀ. ಉಂಡೆ.”

ಬಸಮ್ಮ ಗಕ್ಕನೆ ಸೊಸೆಯ ಕಡೆ ತಿರುಗಿದರು. “ಎಲ್ಲಿ ಉಂಡ್ಯೇ? ಬೆಳಗಿಂದ ನನ್ನ ಜೊತೆಗೇ ಇದ್ದೀಯಲ್ಲ!”

ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಬಸಮ್ಮ ಆಗ ಫೋಟೊದ ಮುಂದೆ ಬಗ್ಗಿದರು. ಕಣ್ಣು ಕಿರಿದು ಮಾಡಿ ನೋಡಿದರು.

“ನನ್ನ ಮಗ ನನ್ನನ್ನ ಯಾವತ್ತೂ ಹೀಗೆ ನೋಡಿದ್ದೇ ಇಲ್ಲ” ಎಂದರು. ಅವರು ಸೊಸೆಯನ್ನು ಕೇಳಿದರು. “ನಿನ್ನನ್ನ ನೋಡ್ತಿದ್ನಾ?”

“ಹೂಂ ಅತ್ತೆ.”

ಬಸಮ್ಮ ಟವಲು ಕೊಡವಿ, ತಾವೇ ಫೋಟೊಗೆ ಸುತ್ತತೊಡಗಿದರು. “ಹಾಗಾದ್ರೆ ನಿನ್ನ ಕೋಣೇಲೇ ಇರ್ಲಿ. ನನಗೆ ಮೊದಲಿನದ್ದೇ ಸಾಕು, ಅದನ್ನ ವಾಪಸ್ ಕೊಡಿ” ಎಂದರು.

ಅವರು ಹೋಗುವ ಮುಂಚೆ ರಫೀಕ್ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮುಖ ಅರಳಿತ್ತು.

“ಅಕ್ಕ, ಇದರದ್ದೊಂದು ದೊಡ್ಡ ಪ್ರಿಂಟ್ ಹಾಕಿ ಶೋಕೇಸಲ್ಲಿ ಇಡೋಣ. ಊರಿಗೇ ಗೊತ್ತಾಗ್ಲಿ, ನಮ್ಮಲ್ಲಿ ಎಂಥ ಕೆಲಸ ಆಗುತ್ತೆ ಅಂತ.”

“ಬೇಡ.”

“ಯಾಕಕ್ಕ? ಇಷ್ಟು ಚೆನ್ನಾಗಿದೆ!”

“ಅವನು ಗೌರಮ್ಮನ್ನ ನೋಡ್ತಿರೋದು ಮಾರಾಯ. ರಸ್ತೇಲಿ ಹೋಗೋರನ್ನೆಲ್ಲ ಯಾಕೆ ನೋಡ್ಬೇಕು?”

ಎಂದವಳೇ ಪೆಟ್ಟಿಗೆಯಿಂದ ಅದರ ನೆಗೆಟಿವ್ ತೆಗೆದು, ಕಾಗದದಲ್ಲಿ ಮಡಿಸಿ, ಬಾಗಿಲು ದಾಟುತ್ತಿದ್ದ ಗೌರಮ್ಮನ ಕೈಗೆ ಕೊಟ್ಟುಬಿಟ್ಟೆ.